ಚಿಕ್ಕ ಊರಿನ ಗ್ರಂಥಾಲಯ ದೊಡ್ಡ ಜಾಗಕ್ಕೆ ಹೋಗುವಾಗ: ಮೊದಲು ನೆಲ ನೋಡಿ, ಆಮೇಲೆ ಪುಸ್ತಕ ಎತ್ತಿ

ಪ್ರಶ್ನೆ: ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ. ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಇಲ್ಲಿನ ಸಾರ್ವಜನಿಕ ಗ್ರಂಥಾಲಯದ ಶಾಖೆ ಬಸ್ ಸ್ಟ್ಯಾಂಡ್ ಪಕ್ಕದ ಎರಡು ಕೋಣೆಗಳಲ್ಲಿದೆ. ಎಲ್ಲ ಸೇರಿ 600 ಚದರ ಅಡಿ. ಪುಸ್ತಕ ಸುಮಾರು 14,000, ಅದರಲ್ಲಿ ಅರ್ಧ ನೆಲದ ಮೇಲೆ ಕಟ್ಟುಗಳಲ್ಲೇ ಬಿದ್ದಿವೆ. ಈಗ ಪುರಸಭೆಯವರು ಒಂದು ಕಿಲೋಮೀಟರ್ ದೂರದ ತಮ್ಮ ವಾಣಿಜ್ಯ ಸಂಕೀರ್ಣದ ಮೊದಲ ಮಹಡಿಯಲ್ಲಿ 2,400 ಚದರ ಅಡಿ ಜಾಗ ಕೊಡುತ್ತೇವೆ ಎನ್ನುತ್ತಿದ್ದಾರೆ. "ಹದಿನೈದು ದಿನ ಬಾಗಿಲು ಹಾಕಿ, ಒಂದು ಲಾರಿ ತಂದು ಸಾಗಿಸಿಬಿಡೋಣ, ಹಳೇ ಪುಸ್ತಕ ರದ್ದಿಗೆ ಹಾಕೋಣ" ಅಂತ ಕೆಲವರ ಸಲಹೆ. ನಮ್ಮ ಓದುಗರ ಗುಂಪು ಏನು ಮಾಡಬೇಕು?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿ ಖುಷಿಯಾಯಿತು. ಚಿಕ್ಕ ಊರಿನ ಗ್ರಂಥಾಲಯಕ್ಕೆ ನಾಲ್ಕು ಪಟ್ಟು ಜಾಗ ಸಿಗುವುದು ದಿನಾ ಆಗುವ ಕೆಲಸವಲ್ಲ. ಬಿಡಬೇಡಿ. ಆದರೆ ಲಾರಿ, ಪೆಟ್ಟಿಗೆ, ಹಮಾಲರ ಮಾತು ಆಮೇಲೆ. ಮೊದಲು ನೋಡಬೇಕಾದ್ದು ಆ ಮಹಡಿಯ ನೆಲವನ್ನು.

ಪುಸ್ತಕ ಎಷ್ಟು ಭಾರ ಅನ್ನೋದು ಒಂದೊಂದಾಗಿ ಕೈಯಲ್ಲಿ ಹಿಡಿದಾಗ ಗೊತ್ತಾಗುವುದಿಲ್ಲ. ಸಾಲಾಗಿ ಜೋಡಿಸಿದ ಪುಸ್ತಕ ಒಂದು ಅಡಿ ಉದ್ದಕ್ಕೆ ಸುಮಾರು 8 ಕೆಜಿ ತೂಗುತ್ತದೆ. ಮೂರು ಅಡಿ ಅಗಲದ, ಎರಡೂ ಕಡೆ ಐದೈದು ಖಾನೆ ಇರುವ ಒಂದು ಕಬ್ಬಿಣದ ರ‍್ಯಾಕ್‌ನಲ್ಲಿ 30 ಅಡಿ ಪುಸ್ತಕ ಹಿಡಿಯುತ್ತದೆ. ಅಂದರೆ 240 ಕೆಜಿ ಪುಸ್ತಕ, ಜೊತೆಗೆ ರ‍್ಯಾಕ್‌ನದೇ ತೂಕ. ಹತ್ತಿರ ಹತ್ತಿರ 300 ಕೆಜಿ. ಈ ರ‍್ಯಾಕ್ ಮತ್ತು ಅದರ ಪಕ್ಕದ ಓಡಾಟದ ದಾರಿ ಸೇರಿ ಹಿಡಿಯುವ ಜಾಗ 15 ಚದರ ಅಡಿ. ಲೆಕ್ಕ ಹಾಕಿದರೆ ಒಂದು ಚದರ ಮೀಟರಿಗೆ 200 ಕೆಜಿ ದಾಟಿತು. ಓಡಾಡುವ ಜನರ ತೂಕ ಇನ್ನೂ ಸೇರಿಲ್ಲ. ಸಾಧಾರಣ ವಾಸದ ಮನೆಯ ಮಹಡಿಯನ್ನು ಲೆಕ್ಕ ಹಾಕಿ ಕಟ್ಟುವುದೇ ಚದರ ಮೀಟರಿಗೆ 200 ಕೆಜಿಗೆ. ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಗ್ರಂಥಾಲಯದ ಪುಸ್ತಕ ಕೋಣೆಗೆ ಕೇಳುವುದು ಚದರ ಮೀಟರಿಗೆ ಸುಮಾರು 600 ಕೆಜಿ. ಮನೆಯ ಮೂರು ಪಟ್ಟು.

ನಿಮ್ಮದು ಅಂಗಡಿಗಳ ಕಟ್ಟಡ. ಮನೆಗಿಂತ ಗಟ್ಟಿಯಾಗಿ ಇರಬಹುದು, ಆದರೆ ಪುಸ್ತಕಕ್ಕೆ ಅಂತ ಕಟ್ಟಿದ್ದಲ್ಲ. ಹಾಗಾಗಿ ಪುರಸಭೆಯ ಎಂಜಿನಿಯರರಿಂದ, ಸಾಧ್ಯವಾದರೆ ಹೊರಗಿನ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರರಿಂದಲೂ, ಆ ನೆಲ ಎಷ್ಟು ಭಾರ ತಡೆಯುತ್ತದೆ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ರ‍್ಯಾಕ್‌ಗಳು ಎಲ್ಲಿ ನಿಲ್ಲಬೇಕು ಅನ್ನೋದನ್ನೂ ಅವರೇ ಗುರುತು ಹಾಕಿಕೊಡಲಿ. ಇನ್ನೊಂದು ಮಾತು. ಅಪಾಯ ಜಾಸ್ತಿ ಇರುವುದು ಸಾಗಣೆಯ ದಿನವೇ. ಪೆಟ್ಟಿಗೆಗಳನ್ನು ಒಂದೇ ಕಡೆ ಎದೆಮಟ್ಟಕ್ಕೆ ಪೇರಿಸಿದರೆ ಅಲ್ಲೇ ಚದರ ಮೀಟರಿಗೆ 600 ಕೆಜಿ ದಾಟುತ್ತದೆ. ಮಹಡಿಯ ಮಧ್ಯದಲ್ಲಿ ರಾಶಿ ಹಾಕಲು ಯಾರಿಗೂ ಬಿಡಬೇಡಿ.

ನೆಲದ ವಿಚಾರ ಮುಗಿದ ಮೇಲೆ ಮೆಟ್ಟಿಲು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಪೇಪರ್ ಓದಲು ಬಂದು ಕಾಯುವ ಹಿರಿಯರು ನಿಮ್ಮ ಊರಲ್ಲೂ ಇದ್ದಾರೆ, ಅಲ್ವಾ? ಮಂಡಿನೋವಿನವರು ಇಪ್ಪತ್ತು ಮೆಟ್ಟಿಲು ಹತ್ತುವುದಿಲ್ಲ. ಎರಡು ದಿನ ಪ್ರಯತ್ನ ಮಾಡಿ ಮೂರನೇ ದಿನ ಬರುವುದನ್ನೇ ಬಿಡುತ್ತಾರೆ. ಯಾರಿಗೂ ದೂರು ಕೊಡುವುದಿಲ್ಲ, ಸುಮ್ನೆ ಕಾಣೆಯಾಗುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗಲೂ ನೆನೆದರೆ ಬೇಜಾರಾಗುತ್ತದೆ. ಅದಕ್ಕೇ ನಿಮ್ಮ ಬೇಡಿಕೆ ಹೀಗಿರಲಿ: ಮಹಡಿಯ ಜಾಗದ ಜೊತೆಗೆ ಕೆಳಗೆ ಒಂದು ಮಳಿಗೆಯೂ ಬೇಕು. 200 ಚದರ ಅಡಿ ಆದರೂ ಸಾಕು. ಪತ್ರಿಕೆಗಳು ಮತ್ತು ಮಕ್ಕಳ ಪುಸ್ತಕ ಅಲ್ಲಿರಲಿ. ಬಾಗಿಲ ಮುಂದೆ ಮೆಟ್ಟಿಲಿದ್ದರೆ ಇಳಿಜಾರು ಕಟ್ಟಿಸಿ. ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ಹತ್ತುವುದಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಸಾರ್ವಜನಿಕ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿದೆ. ಹಾಗಾಗಿ ಕೇಳುವಾಗ ಸಂಕೋಚ ಬೇಡ.

"ಕೊಡುತ್ತೇವೆ" ಅನ್ನುವ ಮಾತನ್ನು ಕಾಗದಕ್ಕೆ ಇಳಿಸಿ. ಪುರಸಭೆಯ ಸಾಮಾನ್ಯ ಸಭೆಯಲ್ಲಿ ಠರಾವು ಆಗಬೇಕು. ಅದರಲ್ಲಿ ಎಷ್ಟು ವರ್ಷಕ್ಕೆ, ಬಾಡಿಗೆ ಇದೆಯೋ ಇಲ್ಲವೋ, ಕರೆಂಟು ಮತ್ತು ನೀರಿನ ಬಿಲ್ ಯಾರದು, ಸೋರಿದರೆ ಸರಿ ಮಾಡಿಸುವವರು ಯಾರು ಅನ್ನೋದೆಲ್ಲ ಇರಬೇಕು. ಅಂಗಡಿ ಸಂಕೀರ್ಣದಲ್ಲಿ ಬಾಡಿಗೆ ಬೆಲೆ ಏರಿದಾಗ ಮೊದಲು ಕಣ್ಣು ಬೀಳುವುದು ಗ್ರಂಥಾಲಯದ ಮೇಲೆ. ಇತ್ತ ಕಡೆ ನಿಮ್ಮ ಶಾಖೆಯ ಗ್ರಂಥಪಾಲಕರು ಒಬ್ಬರೇ ಒಪ್ಪಿಕೊಂಡರೆ ಆಗುವುದಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯದ ಮುಖ್ಯಸ್ಥರಿಂದ ಸ್ಥಳಾಂತರಕ್ಕೆ ಆದೇಶ ಬರಬೇಕು.

ದುಡ್ಡಿನ ಪ್ರಶ್ನೆ ಬಂದಾಗ ನಿಮ್ಮ ಕೈಯಲ್ಲಿ ಒಂದು ಗಟ್ಟಿ ಆಧಾರ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ಮನೆಯ ಕಂದಾಯದ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ನೀವೇ ಕೊಟ್ಟಿದ್ದೀರಿ. ಅದನ್ನು ಸ್ಥಳೀಯ ಸಂಸ್ಥೆ ಗ್ರಂಥಾಲಯ ಇಲಾಖೆಗೆ ಕಟ್ಟಬೇಕು. ನಿಮ್ಮ ಪುರಸಭೆ ಎಷ್ಟು ವಸೂಲು ಮಾಡಿದೆ, ಎಷ್ಟು ಕಟ್ಟಿದೆ ಎಂದು ಕೇಳಿ ತಿಳಿದುಕೊಳ್ಳಿ. ಬಾಕಿ ಇದ್ದರೆ ಜಗಳ ಬೇಡ. "ಆ ಬಾಕಿಯಲ್ಲಿ ಈ ವರ್ಷ ಇಷ್ಟು ಕಟ್ಟಿ, ರ‍್ಯಾಕ್ ಮತ್ತು ವೈರಿಂಗ್ ಆಗುತ್ತದೆ" ಎಂದು ನಾಲ್ಕು ಜನ ಹೋಗಿ ಕೇಳಿದರೆ ಕೆಲಸ ಆಗುವುದನ್ನು ನೋಡಿದ್ದೇನೆ. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ಕೂಡ ಪುಸ್ತಕಕ್ಕೆ, ಪೀಠೋಪಕರಣಕ್ಕೆ, ಕಟ್ಟಡಕ್ಕೆ ನೆರವು ಕೊಡುತ್ತದೆ. ಅರ್ಜಿ ಇಲಾಖೆಯ ಮೂಲಕ ಹೋಗಬೇಕು, ಸಮಯ ಹಿಡಿಯುತ್ತದೆ. ಅದನ್ನು ನಂಬಿಕೊಂಡು ಸಾಗಣೆಯನ್ನು ನಿಲ್ಲಿಸಬೇಡಿ.

ಈಗ ಪುಸ್ತಕಕ್ಕೆ ಬರೋಣ. ಸಾಗಿಸುವ ಮುಂಚೆ ಒಮ್ಮೆ ಪೂರ್ತಿ ಎಣಿಕೆ ಆಗಲೇಬೇಕು. ರಿಜಿಸ್ಟರಿನ ಪ್ರತಿ ನಂಬರಿಗೂ ಪುಸ್ತಕ ಇದೆಯಾ ಎಂದು ಒಬ್ಬರು ಓದಿ, ಇನ್ನೊಬ್ಬರು ಗುರುತು ಹಾಕುವ ಕೆಲಸ. 14,000 ಪುಸ್ತಕಕ್ಕೆ ಇಬ್ಬಿಬ್ಬರ ಮೂರು ಜೋಡಿ ಕೂತರೂ ಎರಡು ವಾರ ಬೇಕು. ನಮ್ಮ ಗ್ರಂಥಪಾಲಕರು ಈ ಎಣಿಕೆಗೆ ಹೆದರುತ್ತಾರೆ. ಕಳೆದುಹೋದ ಪುಸ್ತಕದ ದುಡ್ಡು ಸಂಬಳದಲ್ಲಿ ಹಿಡಿಯುತ್ತಾರೆ ಅನ್ನೋ ಭಯ. ಈ ಭಯದಿಂದಲೇ ಎಷ್ಟೋ ಕಡೆ ಹರಿದ, ಗೆದ್ದಲು ತಿಂದ ಪುಸ್ತಕಗಳೂ ಕಪಾಟಿನಲ್ಲೇ ಉಳಿದಿವೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯಗಳ ಬಗ್ಗೆಯೇ ಇದೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ ಐದು ಕಳೆದರೆ, ಅದರಲ್ಲಿ ಮೋಸ ಅಥವಾ ಅಲಕ್ಷ್ಯ ಇಲ್ಲದಿದ್ದರೆ, ಅದು ಸಹಜ ನಷ್ಟ ಎನ್ನುತ್ತದೆ ಆ ನಿಯಮ. ನಿಮ್ಮ ಶಾಖೆಗೆ ಅನ್ವಯಿಸುವುದು ರಾಜ್ಯದ ಇಲಾಖೆಯ ಆದೇಶಗಳೇ. ಆದರೂ ತೆರೆದ ಕಪಾಟಿನ ಗ್ರಂಥಾಲಯದಲ್ಲಿ ಕೆಲವು ಪುಸ್ತಕ ಕಳೆಯುವುದು ಇದ್ದದ್ದೇ ಎಂದು ಸರ್ಕಾರವೇ ಒಪ್ಪಿರುವುದನ್ನು ನಿಮ್ಮ ಗ್ರಂಥಪಾಲಕರಿಗೆ ತೋರಿಸಿ. ಎಣಿಕೆಗೆ ನೀವೇ ನಾಲ್ಕು ಜನ ಹೋಗಿ ಕೂಡಿ. ಅವರ ಪಕ್ಕದಲ್ಲಿ ಕೂತರೆ ಅರ್ಧ ಭಯ ಹೋಗುತ್ತದೆ.

ರದ್ದಿಗೆ ಹಾಕುವ ಮಾತು ಬಂದಿದೆ. ದಯವಿಟ್ಟು ಅವಸರ ಬೇಡ. ರಿಜಿಸ್ಟರಿನಲ್ಲಿರುವ ಪುಸ್ತಕ ಸರ್ಕಾರದ ಆಸ್ತಿ. ಸಮಿತಿ ನೋಡಿ, ಪಟ್ಟಿ ಮಾಡಿ, ಮೇಲಿನವರ ಒಪ್ಪಿಗೆ ಬಂದ ಮೇಲೆ ಮಾತ್ರ ತೆಗೆಯಬಹುದು. ಮುಖ್ಯವಾಗಿ, ಹಳೆಯದು ಅಂದ ಮಾತ್ರಕ್ಕೆ ಕೆಲಸಕ್ಕೆ ಬಾರದ್ದಲ್ಲ. ತೆಗೆಯಬೇಕಾದ್ದು ಹದಿನೈದು ವರ್ಷ ಹಿಂದಿನ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಈಗ ಯಾರೂ ಬಳಸದ ಕಂಪ್ಯೂಟರ್ ಪಾಠದ ಪುಸ್ತಕ, ಬದಲಾದ ಕಾನೂನಿನ ಕೈಪಿಡಿ, ಒಂದೇ ಪುಸ್ತಕದ ಎಂಟನೇ ಪ್ರತಿ. ಉಳಿಸಬೇಕಾದ್ದು ನಿಮ್ಮ ಸೀಮೆಯ ಬಗ್ಗೆ ಬರೆದ ಯಾವುದೇ ಪುಸ್ತಕ, ಊರಿನ ಶಾಲೆ, ಸಂಘ, ಜಾತ್ರೆಗಳ ಸ್ಮರಣ ಸಂಚಿಕೆಗಳು, ಹಳೆಯ ಗೆಜೆಟಿಯರ್, ಮತ್ತೆ ಅಚ್ಚಾಗದ ಐವತ್ತು ಅರವತ್ತರ ದಶಕದ ಕನ್ನಡ ಪುಸ್ತಕಗಳು. ಒಂದು ಸಂಚಿಕೆ ಬೆಂಗಳೂರಿನಲ್ಲೂ ಸಿಗದೆ ನಿಮ್ಮ ಊರಿನ ನೆಲದ ಮೇಲಿನ ಕಟ್ಟಿನಲ್ಲಿ ಇರಬಹುದು. ನೆಲದ ಮೇಲಿರುವ ಆ ಏಳು ಸಾವಿರವನ್ನು ಬಿಚ್ಚಿ ನೋಡದೆ ಯಾವ ತೀರ್ಮಾನವೂ ಬೇಡ.

ತೆಗೆದ ಮೇಲೆ 12,000 ಉಳಿಯಿತು ಅಂದುಕೊಳ್ಳಿ. ಹೊಸ ಜಾಗಕ್ಕೆ ಎಷ್ಟು ರ‍್ಯಾಕ್ ಬೇಕು ಅನ್ನೋದನ್ನು ಪುಸ್ತಕದ ಸಂಖ್ಯೆಯಿಂದ ಹೇಳಲು ಆಗುವುದಿಲ್ಲ. ಟೇಪು ಹಿಡಿದು ಅಳೆಯಬೇಕು. ದಪ್ಪದ್ದು, ತೆಳ್ಳಗಿನದು ಸೇರಿ ಒಂದು ಅಡಿಗೆ ಸರಾಸರಿ 12 ಪುಸ್ತಕ ಬಂದರೆ ನಿಮ್ಮದು 1,000 ಅಡಿ ಆಯಿತು. ಖಾನೆಗಳನ್ನು ಪೂರ್ತಿ ತುಂಬಬಾರದು. ನೂರಕ್ಕೆ ಎಪ್ಪತ್ತು ತುಂಬಿ, ಮೂವತ್ತು ಖಾಲಿ ಬಿಡಿ. ಆಗ ಬೇಕಾಗುವುದು ಸುಮಾರು 1,430 ಅಡಿ, ಅಂದರೆ ಮೊದಲು ಹೇಳಿದ ಅಳತೆಯ 48 ರ‍್ಯಾಕ್. ನಡುದಾರಿಯನ್ನೂ ಸೇರಿಸಿದರೆ ಇವು ಹೆಚ್ಚು ಕಡಿಮೆ 1,000 ಚದರ ಅಡಿಯಲ್ಲಿ ಕೂರುತ್ತವೆ. ಉಳಿದ 1,400 ಓದುಗರಿಗೆ. ಖಾಲಿ ಖಾನೆ ನೋಡಿ "ಜಾಗ ಹಾಳು" ಅನ್ನುವವರು ಇರುತ್ತಾರೆ. ಗ್ರಂಥಾಲಯ ಬೆಳೆಯುವ ಜೀವಿ ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಗಳಿಗಾಗಿ ಬರೆದ ತಮ್ಮ ಐದು ಸೂತ್ರಗಳಲ್ಲಿ ಕೊನೆಯದರಲ್ಲಿ ಹೇಳಿದರು. ಆ ಖಾಲಿ ಜಾಗ ಮುಂದಿನ ಹತ್ತು ವರ್ಷದ ಪುಸ್ತಕದ್ದು. ಅದಿಲ್ಲದಿದ್ದರೆ ಹೊಸ ಪುಸ್ತಕ ಬಂದಾಗಲೆಲ್ಲ ಇಡೀ ಸಾಲನ್ನೇ ಸರಿಸುತ್ತಾ ಕೂರಬೇಕು.

ಜೋಡಣೆಯಲ್ಲಿ ನಮ್ಮ ಕನ್ನಡ ಗ್ರಂಥಾಲಯಗಳದೇ ಒಂದು ತೊಡಕಿದೆ. ವಿಷಯ ನೋಡಿ ಪುಸ್ತಕಕ್ಕೆ ನಂಬರು ಕೊಡುವ ಡ್ಯೂಯಿ ವರ್ಗೀಕರಣ 1876ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಅದರಲ್ಲಿ ಇಡೀ ಕನ್ನಡ ಸಾಹಿತ್ಯಕ್ಕೆ ಸಿಕ್ಕಿದ್ದು 894.814 ಅನ್ನುವ ಒಂದು ಮೂಲೆ. ಪಂಪನಿಂದ ಹಿಡಿದು ನಿನ್ನೆ ಬಂದ ಕಥಾ ಸಂಕಲನದವರೆಗೆ ಎಲ್ಲ ಅಲ್ಲೇ. ನಿಮ್ಮ ಪುಸ್ತಕಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದೇ ನಂಬರಿನ ಕೆಳಗೆ ಬರುತ್ತವೆ. ಹಾಗಾಗಿ "ಪ್ರತಿ ವರ್ಗಕ್ಕೆ ಐದೈದು ರ‍್ಯಾಕ್" ಅಂತ ಸಮನಾಗಿ ಹಂಚಿದರೆ ಮೊದಲ ದಿನವೇ ಕಾದಂಬರಿ ಉಕ್ಕಿ ಹರಿಯುತ್ತದೆ, ವಿಜ್ಞಾನದ ಕಪಾಟು ಖಾಲಿ ನಿಲ್ಲುತ್ತದೆ. ಕಾದಂಬರಿ, ಕಥೆ, ಕವಿತೆ, ನಾಟಕ, ಜೀವನ ಚರಿತ್ರೆ ಅಂತ ಬೇರೆ ಮಾಡಿ, ಒಂದೊಂದನ್ನೂ ಬೇರೆಯಾಗಿ ಅಳೆಯಿರಿ. ಒಳಗೆ ಲೇಖಕರ ಹೆಸರಿನ ಅಕಾರಾದಿ ಸಾಲು ಇರಲಿ. ನಮ್ಮ ಓದುಗರು ಪುಸ್ತಕ ಕೇಳುವುದು ಲೇಖಕರ ಹೆಸರು ಹಿಡಿದೇ. ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ಹೊಸ ಜಾಗದ ನಕ್ಷೆ ಬರೆದು, ಪ್ರತಿ ರ‍್ಯಾಕ್‌ಗೂ ನಂಬರು ಕೊಟ್ಟು, ಯಾವ ಖಾನೆಯಲ್ಲಿ ಯಾವ ಪುಸ್ತಕ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನೋದನ್ನು ಪೆನ್ಸಿಲಿನಲ್ಲಿ ತುಂಬಿ. ಈ ಹಾಳೆ ಮುಗಿಯದೆ ಒಂದು ಪುಸ್ತಕವನ್ನೂ ಕದಲಿಸಬೇಡಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಗ್ರಂಥಾಲಯದ ಸಾಗಣೆ ನಡೆಯಿತು. ಗೋಣಿಚೀಲಗಳಲ್ಲಿ ಪುಸ್ತಕ ತುಂಬಿ, ಚೀಲದ ಮೇಲೆ ಸೀಮೆಸುಣ್ಣದಲ್ಲಿ "ಕಾದಂಬರಿ", "ಇತರೆ" ಎಂದು ಬರೆದಿದ್ದರು. ದಾರಿಯಲ್ಲಿ ಮಳೆ ಬಂತು. ಬರೆದದ್ದೆಲ್ಲ ಅಳಿಸಿಹೋಯಿತು. ಹೊಸ ಕಟ್ಟಡದಲ್ಲಿ ಚೀಲ ಸುರಿದಾಗ ಸಿಕ್ಕಿದ್ದು ಒಂದು ಗುಡ್ಡೆ. ಸಾಗಿಸಲು ಎರಡು ದಿನ ಹಿಡಿದಿತ್ತು. ಮತ್ತೆ ಸಾಲಿಗೆ ತರಲು ನಾಲ್ಕು ತಿಂಗಳು ಬೇಕಾಯಿತು. ಅಷ್ಟರಲ್ಲಿ ಬರುತ್ತಿದ್ದ ಕಾಲೇಜು ಹುಡುಗಿಯರು ಬರುವುದನ್ನು ಬಿಟ್ಟಿದ್ದರು.

ಗೋಣಿಚೀಲ ಬೇಡವೇ ಬೇಡ. ಪುಸ್ತಕದ ಮೂಲೆ ಮುದುರುತ್ತದೆ, ಬೆನ್ನು ಮುರಿಯುತ್ತದೆ. ದೊಡ್ಡ ರಟ್ಟಿನ ಪೆಟ್ಟಿಗೆಯೂ ಬೇಡ. ತುಂಬಿದರೆ ಎತ್ತಲು ಆಗುವುದಿಲ್ಲ, ಎತ್ತಿದರೆ ತಳ ಬಿಡುತ್ತದೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಎಪಿಎಂಸಿಯಲ್ಲಿ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು. ಹಿಡಿ ಇರುತ್ತದೆ, ಒಂದರ ಮೇಲೊಂದು ಕೂರುತ್ತದೆ, ಬಾಡಿಗೆಗೂ ಸಿಗುತ್ತದೆ. ಚೆನ್ನಾಗಿ ತೊಳೆದು, ಬಿಸಿಲಲ್ಲಿ ಒಣಗಿಸಿ, ತಳಕ್ಕೆ ಒಂದು ಹಾಳೆ ಹಾಕಿ. ಒಂದಕ್ಕೆ 15 ಕೆಜಿ ದಾಟಬಾರದು. ಪುಸ್ತಕವನ್ನು ಕಪಾಟಿನಲ್ಲಿ ನಿಂತ ಹಾಗೇ ನಿಲ್ಲಿಸಿ, ಇಲ್ಲವೇ ಅಡ್ಡ ಮಲಗಿಸಿ. ಬೆನ್ನು ಮೇಲೆ ಮಾಡಿ ಇಟ್ಟರೆ ಹಾಳೆಗಳ ಭಾರಕ್ಕೆ ಹೊಲಿಗೆ ಬಿಟ್ಟುಕೊಳ್ಳುತ್ತದೆ.

ಕ್ರೇಟು ಹೋಗಿ ಬಂದು ಮತ್ತೆ ತುಂಬುವುದರಿಂದ ನೂರು ಇದ್ದರೆ ಸಾಕು. ಪ್ರತಿ ಕ್ರೇಟಿಗೂ ಎರಡು ಚೀಟಿ ಅಂಟಿಸಿ, ಎರಡು ಬದಿಗೆ. ಅದರಲ್ಲಿ ಹೊಸ ಜಾಗದ ರ‍್ಯಾಕ್ ನಂಬರು, ಖಾನೆ ನಂಬರು, ಸಾಲಿನಲ್ಲಿ ಎಷ್ಟನೇ ಕ್ರೇಟು ಎಂದು ಬರೆದಿರಲಿ. ಅಳಿಸದ ಪೆನ್ನಿನಲ್ಲಿ. ಹಳೇ ಜಾಗದ ನಂಬರು ಬೇಡ, ಗೊಂದಲ ಆಗುತ್ತದೆ. 1,000 ಅಡಿ ಪುಸ್ತಕ ಎಂದರೆ ಎಂಟು ಟನ್. ಒಂದು ದೊಡ್ಡ ಲಾರಿಗಿಂತ ಒಂದೆರಡು ಗೂಡ್ಸ್ ಆಟೋ ಮೇಲು. ಮುಕ್ಕಾಲು ಟನ್ನಿನಂತೆ ಹನ್ನೊಂದು ಹನ್ನೆರಡು ಸಲ ಓಡಿದರೆ ಮುಗಿಯಿತು. ಒಂದು ಗಾಡಿ ಓಡುವಾಗ ಅಲ್ಲಿ ಜೋಡಿಸುವವರಿಗೆ, ಇಲ್ಲಿ ತುಂಬುವವರಿಗೆ ಉಸಿರಾಡಲು ಸಮಯ ಸಿಗುತ್ತದೆ. ರಾಶಿಯೂ ಬೀಳುವುದಿಲ್ಲ. ಕೊನೆಗೆ ಗಾಡಿಗೆ ಹತ್ತಿದ್ದು ಮೊದಲು ಇಳಿಯುತ್ತದೆ ಅನ್ನೋದು ನೆನಪಿರಲಿ. ಒಂದೇ ರ‍್ಯಾಕ್‌ನ ಕ್ರೇಟುಗಳು ಒಂದೇ ಸಲಕ್ಕೆ ಹೋಗಲಿ. ಆ ಕಡೆ ಬಾಗಿಲಲ್ಲಿ ನಕ್ಷೆ ಹಿಡಿದು ಒಬ್ಬರೇ ನಿಲ್ಲಬೇಕು. ಎಲ್ಲಿಡಬೇಕು ಎಂದು ಹೇಳುವ ಬಾಯಿ ಒಂದೇ ಇರಬೇಕು. ಆ ಜಾಗಕ್ಕೆ ನಿಮ್ಮ ಗ್ರಂಥಪಾಲಕರೇ ಸರಿ.

ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸುವ ವಿಡಿಯೋ ನೀವೂ ನೋಡಿರಬಹುದು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಚೆಲ್ಸಿ ಎಂಬ ಚಿಕ್ಕ ಊರಿನಲ್ಲಿ ಸುಮಾರು 300 ಜನ ಹೀಗೆ ಒಂದು ಪುಸ್ತಕದಂಗಡಿಯ 9,100 ಪುಸ್ತಕಗಳನ್ನು ಎರಡು ಗಂಟೆಯೊಳಗೆ ಹೊಸ ಜಾಗಕ್ಕೆ ದಾಟಿಸಿದರು. ಅಲ್ಲಿ ಅಂಗಡಿ ಹೋಗಿದ್ದು ಹತ್ತಿರದ ಬೀದಿಗೆ. ಒಂದು ಕಿಲೋಮೀಟರಿಗೆ ಇದು ಆಗದು. ಆದರೆ ಆ ಖುಷಿಯನ್ನು ನಿಮ್ಮ ಊರಿಗೂ ತರುವ ಇನ್ನೊಂದು ದಾರಿ ಇದೆ. ಎಣಿಕೆ ಮುಗಿದ ಮೇಲೆ, ಇಲಾಖೆಯ ಒಪ್ಪಿಗೆ ಪಡೆದು, ಪ್ರತಿ ಸದಸ್ಯರಿಗೂ ಹತ್ತು ಪುಸ್ತಕ ಎರವಲು ಕೊಡಿ. ವಾಪಸ್ ಕೊಡುವುದು ಹೊಸ ಕಟ್ಟಡದಲ್ಲಿ. ಇನ್ನೂರು ಜನ ತೆಗೆದುಕೊಂಡರೆ ಎರಡು ಸಾವಿರ ಪುಸ್ತಕ ಓದುಗರ ಕೈಯಲ್ಲೇ ಹೋಗುತ್ತದೆ. ಅದಕ್ಕಿಂತ ದೊಡ್ಡ ಲಾಭ, ಆ ಇನ್ನೂರು ಜನ ಹೊಸ ಜಾಗದ ದಾರಿ ಒಮ್ಮೆ ತುಳಿದಿರುತ್ತಾರೆ.

ಯಾವಾಗ ಮಾಡಬೇಕು? ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತೇ ಎತ್ತಬೇಡಿ. ಫೆಬ್ರವರಿ, ಮಾರ್ಚ್ ಮಕ್ಕಳ ಪರೀಕ್ಷೆ. ದೀಪಾವಳಿ ಆದ ಮೇಲೆ ಬಿಸಿಲು ಚೆನ್ನಾಗಿರುತ್ತದೆ. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಅದರ ಆಸುಪಾಸಿನಲ್ಲಿ ಹೊಸ ಬಾಗಿಲು ತೆರೆಯುವ ಹಾಗೆ ಹಿಂದಕ್ಕೆ ಲೆಕ್ಕ ಹಾಕಿಕೊಳ್ಳಿ. ಸುಣ್ಣ ಬಣ್ಣ ಒಂದು ತಿಂಗಳು ಮುಂಚೆಯೇ ಮುಗಿದಿರಲಿ. ಹಸಿ ಗೋಡೆ ಪುಸ್ತಕಕ್ಕೆ ಬೂಷ್ಟು ತರಿಸುತ್ತದೆ. ಒಂದು ಮಳೆಗಾಲ ಆ ಮಹಡಿಯ ಚಾವಣಿ, ಕಿಟಕಿ ಮೂಲೆಗಳನ್ನು ನೋಡಿಕೊಳ್ಳಿ. ಎಲ್ಲಿ ಒದ್ದೆ ಕಲೆ ಇದೆಯೋ ಅಲ್ಲಿ ರ‍್ಯಾಕ್ ಬೇಡ. ಹೊರಗೋಡೆಗೆ ಅಂಟಿಸಿ ಇಡುವುದೂ ಬೇಡ, ಅರ್ಧ ಅಡಿ ಬಿಡಿ. ಗಾಳಿ ಆಡಿದರೆ ಬೂಷ್ಟು ಕಡಿಮೆ. ನೆಲದ ಕಟ್ಟುಗಳಲ್ಲಿ ಗೆದ್ದಲು, ಸಿಲ್ವರ್ ಫಿಶ್ ಇದ್ದೇ ಇರುತ್ತವೆ. ಒಂದೊಂದೇ ಬಿಚ್ಚಿ, ಕೊಡವಿ, ಹುಳ ಇದ್ದದ್ದನ್ನು ಬೇರೆ ಕೋಣೆಯಲ್ಲಿಟ್ಟು ಔಷಧ ಮಾಡಿಸಿದ ಮೇಲೆಯೇ ಹೊಸ ಜಾಗಕ್ಕೆ ಒಯ್ಯಿರಿ. ಇಲ್ಲದಿದ್ದರೆ ಹುಳವೂ ಜೊತೆಗೇ ಗೃಹಪ್ರವೇಶ ಮಾಡುತ್ತದೆ.

ಹದಿನೈದು ದಿನ ಬಾಗಿಲು ಹಾಕುವ ಅಗತ್ಯ ಇಲ್ಲ. ತಯಾರಿ ಸರಿಯಾಗಿದ್ದರೆ ಪುಸ್ತಕದ ವಿಭಾಗ ನಾಲ್ಕೈದು ದಿನ ಮುಚ್ಚಿದರೆ ಸಾಕು. ಪತ್ರಿಕೆ ಓದುವ ಜಾಗ ಒಂದು ದಿನವೂ ಮುಚ್ಚಬಾರದು. ಹತ್ತಿರದ ಸಮುದಾಯ ಭವನದಲ್ಲೋ ಶಾಲೆಯ ಜಗುಲಿಯಲ್ಲೋ ಎರಡು ಬೆಂಚು ಹಾಕಿ ಪೇಪರ್ ಇಡಿ.

ಒಳಗಿನ ವ್ಯವಸ್ಥೆಗೆ ಎರಡು ಮಾತು. ರ‍್ಯಾಕ್‌ಗಳನ್ನು ಕಿಟಕಿಗೆ ಅಡ್ಡವಾಗಿ ನಿಲ್ಲಿಸಬೇಡಿ. ಕಿಟಕಿಯ ಬೆಳಕು ಸಾಲುಗಳ ನಡುವಿನ ದಾರಿಯಲ್ಲಿ ನೇರವಾಗಿ ಬೀಳಬೇಕು. ಟ್ಯೂಬ್‌ಲೈಟು ದಾರಿಯ ಮೇಲೆ ಬರಲಿ, ರ‍್ಯಾಕ್‌ನ ತಲೆಯ ಮೇಲಲ್ಲ. ಹಾಗಾಗಿ ವೈರಿಂಗ್ ಆಗುವ ಮುಂಚೆಯೇ ನಿಮ್ಮ ನಕ್ಷೆ ಎಲೆಕ್ಟ್ರಿಷಿಯನ್ ಕೈಗೆ ಹೋಗಬೇಕು. ಕೆಎಎಸ್, ಪಿಡಿಒ, ಎಫ್‌ಡಿಎ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ದಿನವಿಡೀ ಕೂರುತ್ತಾರೆ. ಅವರಿಗೆ ನಮ್ಮ ಪುಸ್ತಕಕ್ಕಿಂತ ಗಟ್ಟಿ ಮೇಜು, ಪ್ಲಗ್ ಪಾಯಿಂಟು, ಕುಡಿಯುವ ನೀರು, ಶುಚಿಯಾದ ಶೌಚಾಲಯ ಬೇಕು. ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇಲ್ಲದಿದ್ದರೆ ಅವರು ಎರಡು ಗಂಟೆಗಿಂತ ಜಾಸ್ತಿ ಕೂರಲು ಆಗುವುದಿಲ್ಲ. ಠರಾವಿನಲ್ಲೇ ಇದನ್ನು ಸೇರಿಸಿ. ಅವರನ್ನು ಮಹಡಿಯ ಒಳಭಾಗಕ್ಕೆ ಹಾಕಿ, ಮೆಟ್ಟಿಲ ಸದ್ದು ತಟ್ಟದ ಕಡೆ.

ಹಳೆಯ ಎರಡು ಕೋಣೆ ಖಾಲಿಯಾದ ಮೇಲೆ ಬಾಗಿಲಿಗೆ ದೊಡ್ಡ ಅಕ್ಷರದ ಬೋರ್ಡು ಹಾಕಿ: ಹೊಸ ಜಾಗ, ಹೋಗುವ ದಾರಿ, ಸಮಯ. ಒಂದು ವರ್ಷ ಅದು ಅಲ್ಲೇ ಇರಲಿ. ಬಸ್ ಇಳಿದು ನೇರ ಅಲ್ಲಿಗೆ ಬರುವ ಹಳ್ಳಿಯವರಿಗೆ ಬೇರೆ ಯಾವ ಸುದ್ದಿಯೂ ತಲುಪಿರುವುದಿಲ್ಲ. ಸಾಧ್ಯವಾದರೆ ಪುರಸಭೆಯನ್ನು ಕೇಳಿ ಆ ಎರಡರಲ್ಲಿ ಒಂದು ಕೋಣೆಯನ್ನು ಪತ್ರಿಕೆಗಳಿಗೆ ಉಳಿಸಿಕೊಳ್ಳಿ. ಕೆಳಗಿನ ಮಳಿಗೆ ಸಿಗದೇ ಹೋದರೂ ಹಿರಿಯರಿಗೆ ಕೂರಲು ಜಾಗ ಇರುತ್ತದೆ. ಎಂಜಿನಿಯರರ ಪತ್ರ ಮತ್ತು ಆ ಮಹಡಿಯ ಅಳತೆ ಸಿಕ್ಕ ಕೂಡಲೇ ನನಗೆ ಕಳಿಸಿ ಮೇಷ್ಟ್ರೇ, ರ‍್ಯಾಕ್‌ಗಳ ನಕ್ಷೆ ಇಬ್ಬರೂ ಕೂತು ಹಾಕೋಣ.